ಏಳರ ಲೋಕಲ್ಲೂ ನನ್ನ ಹೊಟ್ಟೆಯೂ

ಮೊದಲ ಸಲ ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. 2018ರ ಮಳೆಗಾಲ. ಯೋನಿಯ ಬಾಯಲ್ಲಿ ಏನೋ ಮೆತ್ತಗಿನದು, ನೆಲ್ಲಿಕಾಯಿ ಗಾತ್ರದ್ದು, ಬೆರಳಿಗೆ ತಗುಲಿತು. ಗೆಡ್ಡೆಯೇ ಇರಬೇಕು ಅಂದುಕೊಂಡೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಊರಿಗೆ, ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಗಾಬರಿಯಾಗಲೇ ಇಲ್ಲ. "ಅದು ಗರ್ಭ ಜಾರೋದು ಮಗಾ. ನಿನ್ನ ಅಜ್ಜಿಗೂ ಇತ್ತು. ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಗದ್ದೆಗೆ ಹೋಗ್ತಿದ್ರು" ಅಂದಳು.

ಅಜ್ಜಿ ಕೂತಲ್ಲಿಂದ ಏಳುವಾಗ ಸೊಂಟಕ್ಕೆ ಕೈ ಕೊಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು. ಮಂಡಿನೋವು ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಏರಿಯಾದಲ್ಲೇ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ. ಹೋದೆ. ಮಲಗಿಸಿ, ಕೆಮ್ಮಿಸಿ, ನಿಲ್ಲಿಸಿ, ಮತ್ತೆ ಕೆಮ್ಮಿಸಿ ನೋಡಿದರು. ಗರ್ಭಕೋಶ ಸ್ವಲ್ಪ ಇಳಿದಿದೆ. ಆದರೆ ಕೈಗೆ ಸಿಗುತ್ತಿದ್ದದ್ದು ಅದಲ್ಲ. ಹಿಂದಿನ ಗೋಡೆ. ಗುದನಾಳಕ್ಕೂ ಯೋನಿಗೂ ನಡುವಿನ ಗೋಡೆ ಸಡಿಲವಾಗಿ ಮುಂದಕ್ಕೆ ಉಬ್ಬಿತ್ತು. ನಾಲ್ಕು ಹಂತಗಳಲ್ಲಿ ಎರಡನೆಯದು ಅಂದರು. ಎರಡು ಹೆರಿಗೆ, ಅದರಲ್ಲಿ ಮೊದಲನೆಯದು ಇಕ್ಕಳ ಹಾಕಿ ತೆಗೆದದ್ದು. ಮುಟ್ಟು ನಿಲ್ಲುವ ವಯಸ್ಸು. ಇದನ್ನೆಲ್ಲ ಬರೆದುಕೊಂಡ ಮೇಲೆ ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದರು. "ಬೆಳಿಗ್ಗೆ ಸಂಡಾಸ್ ಸರಿಯಾಗಿ ಆಗುತ್ತಾ?"

ನಾನು ನಕ್ಕುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಏಳರ ಲೋಕಲ್ ಟ್ರೇನು ಹಿಡಿಯುವವಳು ನಾನು. ನಾಲ್ಕೂಮುಕ್ಕಾಲಿಗೆ ಎದ್ದು ನೀರು ತುಂಬಿಸಿ, ಮೂರು ಡಬ್ಬಿ ಕಟ್ಟಿ, ಸೆರಗು ಸಿಕ್ಕಿಸಿಕೊಂಡು ಓಡಬೇಕು. ಹೊಟ್ಟೆ ಕರೆದಾಗ ನಾನು ಚಪಾತಿ ಲಟ್ಟಿಸುತ್ತಿರುತ್ತಿದ್ದೆ. ಆಮೇಲೆ ನೋಡೋಣ ಅಂತ ತಡೆಹಿಡಿಯುತ್ತಿದ್ದೆ. ಹೊರಡಲು ಐದು ನಿಮಿಷ ಇರುವಾಗ ಕೂತು, ಬರದೇ ಇದ್ದರೂ ಬಲವಂತವಾಗಿ ತಿಣುಕುತ್ತಿದ್ದೆ. ದಾರಿಯಲ್ಲಿ ಶೌಚಕ್ಕೆ ಹೋಗುವ ಪಾಡು ಬೇಡ ಅಂತ ನೀರು ಕುಡಿಯುತ್ತಲೇ ಇರಲಿಲ್ಲ. ಸಾಲದ್ದಕ್ಕೆ ರಕ್ತಹೀನತೆಗೆ ಕಬ್ಬಿಣದ ಮಾತ್ರೆ. ಅದೂ ಮಲ ಗಟ್ಟಿ ಮಾಡುತ್ತದೆ ಅಂತ ಆವತ್ತೇ ಗೊತ್ತಾಗಿದ್ದು.

ಡಾಕ್ಟರ್ ಹೇಳಿದ್ದು ಸರಳ. ಪ್ರತಿ ಸಲ ತಿಣುಕಿದಾಗಲೂ ಆ ಸಡಿಲ ಗೋಡೆಯ ಮೇಲೆ ಒಂದೊಂದು ಗುದ್ದು ಬೀಳುತ್ತದೆ. ಗೋಡೆ ಉಬ್ಬಿದಷ್ಟೂ ಮಲ ಆ ಚೀಲದಂಥ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಷ್ಟೂ ನಾವು ಇನ್ನೂ ಜೋರಾಗಿ ತಿಣುಕುತ್ತೇವೆ. ತಕ್ಷಣಕ್ಕೆ ಆಪರೇಷನ್ ಬೇಕಿಲ್ಲ, ಬೇಕಾದರೆ ಒಳಗೆ ಇಡುವ ಸಿಲಿಕೋನ್ ರಿಂಗ್ ಇದೆ, ಮೊದಲು ಹೊಟ್ಟೆ ಸರಿ ಮಾಡಿಕೊಳ್ಳಿ ಅಂದರು. ಮಾತ್ರೆಯನ್ನೂ ಬದಲಾಯಿಸಿದರು.

ನಾನು ನೆಟ್ಟಗೆ ಅವರು ಹೇಳಿದ ದಾರಿ ಹಿಡಿದೆ ಅಂದರೆ ಸುಳ್ಳಾಗುತ್ತದೆ. ಮೊದಲು ಟ್ರೇನಿನ ಗೆಳತಿಯರ ಮಾತು ಕೇಳಿ ಚೂರ್ಣ ತಗೊಂಡೆ. ಅದರಲ್ಲಿ ಭೇದಿ ಮಾಡಿಸುವ ಸೋನಾಮುಖಿ ಎಲೆ ಇತ್ತು. ಎರಡು ವಾರ ಸ್ವರ್ಗ. ಆಮೇಲೆ ಹೊಟ್ಟೆ ನುಲಿತ, ನೀರು ನೀರು. ಅದಾದ ಮೇಲೆ ಪಾರ್ಕಿನ ಯೋಗ ಕ್ಲಾಸು. ಅಲ್ಲಿ ಕಪಾಲಭಾತಿ ಜೋರು. ಪ್ರತಿ ಹೊಡೆತಕ್ಕೂ ಕೆಳಗೆ ಏನೋ ಇಳಿದಂತೆ ಅನಿಸುತ್ತಿತ್ತು. ನಾಲ್ಕನೇ ದಿನ ಬಿಟ್ಟೆ. ಯೋಗ ಕೆಟ್ಟದ್ದು ಅನ್ನುತ್ತಿಲ್ಲ, ನನ್ನ ಆಗಿನ ಸ್ಥಿತಿಗೆ ಅದು ಹೊಂದಲಿಲ್ಲ ಅಷ್ಟೆ.

ಕೊನೆಗೆ ಡಾಕ್ಟರ್ ಕಳಿಸಿದ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮರಾಠಿ ಹುಡುಗಿ, ನನ್ನ ಮಗಳ ವಯಸ್ಸು. ಕಾಕೂ, ಕಾಕೂ (ಅಂದರೆ ಚಿಕ್ಕಮ್ಮ) ಅನ್ನುತ್ತಲೇ ನಾಚಿಕೆಯನ್ನೆಲ್ಲ ಬಿಡಿಸಿದಳು. ಗೋಡೆಯ ಮೇಲೆ ಒಂದು ಚಿತ್ರಪಟ ಇತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನ ಡಾಕ್ಟರುಗಳು 1997ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಮಲವನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಒಂದನೆಯದು ನಮ್ಮ ಭಾಷೆಯಲ್ಲಿ ಆಡಿನ ಹಿಕ್ಕೆ. ಏಳನೆಯದು ಬರೀ ನೀರು. ಮೂರು, ನಾಲ್ಕು ಇದ್ದರೆ ಸರಿ. ನಾಲ್ಕು ಅಂದರೆ ನುಣುಪಾಗಿ, ಸಿಪ್ಪೆ ಸುಲಿದ ಬಾಳೆಹಣ್ಣಿನ ಹಾಗೆ. ನಾನು ಬೆರಳು ಇಟ್ಟದ್ದು ಒಂದರ ಮೇಲೆ.

ಅವಳು ಹೇಳಿಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಕಷ್ಟವಾಗಿದ್ದು ಸಮಯ. ಹೊಟ್ಟೆಗೆ ಏನಾದರೂ ಬಿದ್ದರೆ ದೊಡ್ಡ ಕರುಳು ಅಲುಗಾಡಲು ಶುರು ಮಾಡುತ್ತದೆ, ಅದರಲ್ಲೂ ಬೆಳಿಗ್ಗೆ ಜಾಸ್ತಿ. ಆ ಹೊತ್ತನ್ನು ಬಿಡಬೇಡಿ ಅಂದಳು. ಅಂದರೆ ಚಪಾತಿ ಕಾಯಬೇಕು! ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಈಗ ಎದ್ದ ತಕ್ಷಣ ಎರಡು ಲೋಟ ಬೆಚ್ಚಗಿನ ನೀರು, ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಚಹಾ. ಇಪ್ಪತ್ತು ನಿಮಿಷದೊಳಗೆ ಕರೆ ಬರುತ್ತದೆ. ಬಂದಾಗ ಗ್ಯಾಸ್ ಆರಿಸಿ ಹೋಗುತ್ತೇನೆ. ಬರದಿದ್ದರೆ ಸುಮ್ನೆ ಕೂರುವುದಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ಅಲ್ಲಿರುವುದಿಲ್ಲ, ಮೊಬೈಲ್ ಒಳಗೆ ಒಯ್ಯುವುದಿಲ್ಲ. ಮೊದಲ ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಕರುಳು ಗಡಿಯಾರ ಕಲಿತಿತು. ಚಪಾತಿ ಯಜಮಾನರು ಲಟ್ಟಿಸುತ್ತಾರೆ. ನಕ್ಷೆಯ ಹಾಗಿರುತ್ತವೆ, ತಿನ್ನುತ್ತೇವೆ.

ಎರಡನೆಯದು ಕೂರುವ ರೀತಿ. ಚಾಳಿನಲ್ಲಿದ್ದಾಗ ಕುಕ್ಕರುಗಾಲಿನ ಕಕ್ಕಸ್ಸು, ಫ್ಲ್ಯಾಟಿಗೆ ಬಂದ ಮೇಲೆ ಕಮೋಡು. ಕಮೋಡಿನ ಮೇಲೆ ಕಾಲು ಇಳಿಬಿಟ್ಟು ಕೂತರೆ ಗುದನಾಳ ಒಂದು ಕಡೆ ಮಡಚಿದಂತಿರುತ್ತದೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಆ ಮಡಿಕೆ ನೇರವಾಗುತ್ತದೆ. ಹಾಗಂತ ಪೂರ್ತಿ ಕುಕ್ಕರುಗಾಲಲ್ಲಿ ಕೂತರೆ ನನಗೆ ಕೆಳಗೆ ಭಾರ ಜಾಸ್ತಿ ಅನಿಸುತ್ತಿತ್ತು. ಸ್ಟೇಷನ್ ಹೊರಗಿನ ಬಜಾರಿನಲ್ಲಿ ಬಟ್ಟೆ ಒಗೆಯಲು ಕೂರುವ ಪ್ಲಾಸ್ಟಿಕ್ ಸ್ಟೂಲು ತಂದೆ. ಪಾದ ಅದರ ಮೇಲೆ, ಮೊಣಕೈ ತೊಡೆಯ ಮೇಲೆ, ಬೆನ್ನು ನೇರವಾಗಿಟ್ಟು ಸ್ವಲ್ಪ ಮುಂದಕ್ಕೆ ಬಾಗುವುದು.

ಉಸಿರು ಹಿಡಿಯಬಾರದು. ಇದೇ ದೊಡ್ಡ ಪಾಠ. ತಿಣುಕುವಾಗ ನಾವು ಬಾಯಿ ಮುಚ್ಚಿ, ಉಸಿರು ಕಟ್ಟಿ, ಮುಖ ಕೆಂಪು ಮಾಡಿಕೊಳ್ಳುತ್ತೇವೆ, ಅಲ್ವಾ? ಅದರ ಬದಲು ಬಿಸಿ ಕಾಫಿ ಆರಿಸುವ ಹಾಗೆ ಮೆಲ್ಲಗೆ ಬಾಯಿಂದ ಊದಬೇಕು. ಹೊಟ್ಟೆ ಸಡಿಲ ಬಿಡಬೇಕು.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಷ್ಟೋ ದಿನ ಅರ್ಧ ಹೊರಬಂದು ಅರ್ಧ ಒಳಗೇ ಉಳಿಯುತ್ತಿತ್ತು. ಎದ್ದು ಕೈ ತೊಳೆದು ಹೊರಗೆ ಬಂದರೆ ಮತ್ತೆ ಬಂದಂತೆ. ಇದನ್ನು ಹೇಳುವಾಗ ತಲೆ ತಗ್ಗಿಸಿದ್ದೆ. ಆ ಹುಡುಗಿ ಮಾಮೂಲಿಯಾಗಿ, ಹೆಬ್ಬೆರಳು ಬಳಸಿ ಕಾಕೂ, ಅಂದಳು. ಶುಭ್ರವಾಗಿ ತೊಳೆದ ಹೆಬ್ಬೆರಳನ್ನು ಯೋನಿಯೊಳಗೆ ಸ್ವಲ್ಪ ಇಟ್ಟು, ಉಬ್ಬಿದ ಹಿಂದಿನ ಗೋಡೆಯನ್ನು ಬೆನ್ನಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯುವುದು. ಚೀಲ ಮುಚ್ಚಿಕೊಳ್ಳುತ್ತದೆ, ಮಲ ತನ್ನ ದಾರಿ ಹಿಡಿಯುತ್ತದೆ. ಉಗುರು ಚಿಕ್ಕದಾಗಿರಬೇಕು, ಮೊದಲೂ ಆಮೇಲೂ ಕೈ ತೊಳೆಯಬೇಕು. ಇದನ್ನು ತಾವಾಗಿಯೇ ಕಂಡುಕೊಂಡು, ತಮಗೊಬ್ಬರಿಗೇ ಹೀಗೆ ಅಂದುಕೊಂಡು ಗುಟ್ಟಾಗಿ ಮಾಡುವ ಹೆಂಗಸರು ಬೇಕಾದಷ್ಟು ಇದ್ದಾರಂತೆ. ನನಗೆ ಈಗ ವಾರಕ್ಕೆ ಒಂದೆರಡು ಸಲ ಸಾಕು.

ಊಟದ್ದು ಹೆಚ್ಚು ಹೇಳುವುದೇನಿಲ್ಲ. ಬಸಳೆ, ಹರಿವೆ, ಹುರುಳಿ, ಪಪ್ಪಾಯಿ, ರಾತ್ರಿ ನೆನೆಸಿದ ಒಣದ್ರಾಕ್ಷಿ. ಇಸಬಗೋಲ್ ಒಂದು ಚಮಚದಿಂದ ಶುರು ಮಾಡಿದೆ. ದೊಡ್ಡ ಲೋಟ ನೀರಿಗೆ ಹಾಕಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಕಟ್ಟಿಕೊಳ್ಳುತ್ತದೆ. ಮೊದಲ ವಾರ ಹೊಟ್ಟೆ ಉಬ್ಬರ ಇತ್ತು.

ಕೆಳಗಿನ ಸ್ನಾಯುಗಳ ವ್ಯಾಯಾಮಕ್ಕೆ ಕೆಗೆಲ್ ಅನ್ನುತ್ತಾರೆ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು. ನಮ್ಮ ಯೋಗದ ಮೂಲಬಂಧ, ಅಶ್ವಿನಿ ಮುದ್ರೆಗಳೂ ಸುಮಾರು ಇದೇ ಜಾಗದ್ದು. ನಾನು ಮೊಬೈಲ್ ನೋಡಿ ಎರಡು ತಿಂಗಳು ಮಾಡಿದ್ದೆ. ಆ ಫಿಸಿಯೋ ಹುಡುಗಿ ಪರೀಕ್ಷಿಸಿದಾಗ ಗೊತ್ತಾಯಿತು, ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ದಬ್ಬುತ್ತಿದ್ದೆ! ಗಾಳಿ ಹೋಗದಂತೆ ತಡೆಯುವಾಗ ಹೇಗೆ ಹಿಂದಿನಿಂದ ಮುಂದಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತೇವೋ ಹಾಗೆ ಮಾಡಬೇಕು. ಐದು ಎಣಿಸುವವರೆಗೆ ಹಿಡಿದು, ಪೂರ್ತಿ ಬಿಡಬೇಕು. ಬಿಡುವುದೂ ಎಳೆದಷ್ಟೇ ಮುಖ್ಯ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನನ್ನ ಕ್ಲಾಸ್‌ರೂಮು ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿ. ಮುಲುಂಡಿನಲ್ಲಿ ಶುರು ಮಾಡಿದರೆ ಭಾಂಡೂಪ್ ದಾಟುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅಂಚಿನಲ್ಲಿ ಅರ್ಧ ಕೂತಿದ್ದರೆ ಆಗುವುದಿಲ್ಲ. ಆವತ್ತು ಆಫೀಸಿನಲ್ಲಿ ಮಾಡುತ್ತೇನೆ. ನಾಲ್ಕು ತಿಂಗಳಾದ ಮೇಲೆಯೇ ವ್ಯತ್ಯಾಸ ಕಂಡದ್ದು.

ಕೆಮ್ಮು, ಸೀನು ಬರುವ ಮುಂಚೆ ಒಮ್ಮೆ ಬಿಗಿ ಹಿಡಿಯುತ್ತೇನೆ. ಬಕೆಟ್ ಅರ್ಧ ಮಾತ್ರ ತುಂಬುತ್ತೇನೆ, ಉಸಿರು ಬಿಡುತ್ತಾ ಎತ್ತುತ್ತೇನೆ. ಸಂಜೆ ಬಂದ ಮೇಲೆ ಸೊಂಟದ ಕೆಳಗೆ ಎರಡು ದಿಂಬು ಇಟ್ಟು ಕಾಲು ಗಂಟೆ ಮಲಗುತ್ತೇನೆ. ಅಷ್ಟು ಹೊತ್ತು ಯಾರೂ ಚಹಾ ಕೇಳುವ ಹಾಗಿಲ್ಲ.

ಉಬ್ಬು ಹೋಯಿತಾ? ಇಲ್ಲ. ಹೋದ ವರ್ಷ ಡಾಕ್ಟರ್ ಮತ್ತೆ ನೋಡಿದರು. ಅದೇ ಎರಡನೇ ಹಂತ. ಆದರೆ ಸಂಜೆಯ ಆ ಜೋತಾಡುವ ಭಾರ ಈಗ ತಿಂಗಳಿಗೆ ಎರಡು ಮೂರು ದಿನ ಅಷ್ಟೆ, ಅದೂ ಹೆಚ್ಚಾಗಿ ಗಾಡಿ ತಡವಾಗಿ ನಿಂತೇ ಬಂದ ದಿನ. ಮುಟ್ಟು ನಿಂತ ಮೇಲೆ ಒಣಗುವಿಕೆಗೆ ಅವರು ಬರೆದುಕೊಟ್ಟ ಈಸ್ಟ್ರೋಜನ್ ಕ್ರೀಮನ್ನೂ ಹಚ್ಚುತ್ತೇನೆ, ಮನೆಮದ್ದೊಂದರಿಂದಲೇ ಎಲ್ಲ ಆಯಿತು ಅನ್ನಲಾರೆ. ಮಲದಲ್ಲಿ ರಕ್ತ ಬಂದರೆ, ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಹೊರಬಂದದ್ದು ಒಳಗೆ ಹೋಗದಿದ್ದರೆ ಸ್ಟೂಲು, ಗಂಜಿ ಅಂತ ಕಾಯಬೇಡಿ. ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಹೋದ ತಿಂಗಳು ಊರಿಂದ ಅತ್ತಿಗೆ ಬಂದಿದ್ದರು. ಬಾತ್‌ರೂಮಿನಿಂದ ಹೊರಗೆ ಬಂದು, ಕಮೋಡಿನ ಮುಂದೆ ಅದೆಂಥದ್ದು ಸ್ಟೂಲು, ಕಾಲಿಗೆ ಅಡ್ಡ ಬರ್ತದೆ ಅಂದರು. ಹೇಳಿದೆ, ಎಲ್ಲವನ್ನೂ. ತೆಂಗಿನಕಾಯಿ ತುರಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ, ಮಾತೂ ಆಡಲಿಲ್ಲ. ಅಡಿಗೆಯಾಯಿತು, ಊಟವಾಯಿತು. ಮಧ್ಯಾಹ್ನ ನಾನು ಮಲಗಿದ್ದಾಗ ಬಾತ್‌ರೂಮಿನ ಬಾಗಿಲು ಕಿರುಗುಟ್ಟಿತು. ಎದ್ದು ನೋಡಿದರೆ ಅತ್ತಿಗೆ ಬಗ್ಗಿ, ಸ್ಟೂಲಿನ ಎತ್ತರವನ್ನು ಗೇಣು ಹಾಕಿ ಅಳೆಯುತ್ತಿದ್ದರು.