ಕಾರಿನಲ್ಲೇ ರಾತ್ರಿ ಮಲಗಬಹುದೇ? ಸೀಟು ಹಿಂದಕ್ಕೆ ಬಾಗಿಸುವ ಮೊದಲು ನೋಡಬೇಕಾದ್ದು

ದೂರದ ದಾರಿ, ಮಧ್ಯರಾತ್ರಿ ದಾಟಿದೆ, ಕಣ್ಣು ಎಳೆಯುತ್ತಿದೆ. ಕಾರನ್ನು ಪಕ್ಕಕ್ಕೆ ಹಾಕಿ ಮಲಗಿದರೆ ಪೊಲೀಸರು ಬಂದು ದಂಡ ಹಾಕುತ್ತಾರಾ? ಕಾರಿನೊಳಗೆ ನಿದ್ದೆ ಮಾಡುವುದೇ ತಪ್ಪು ಅನ್ನುವ ಕಾನೂನು ಬಹಳ ಕಡೆ ಇಲ್ಲ. ಆದರೆ ಕಾರು ಎಲ್ಲಿ ನಿಂತಿದೆ, ಎಷ್ಟು ಹೊತ್ತಿನಿಂದ ನಿಂತಿದೆ, ಒಳಗಿರುವವರು ಕುಡಿದಿದ್ದಾರಾ ಎಂದು ಕಾನೂನು ಕೇಳುತ್ತದೆ. ಜನ ಸಿಕ್ಕಿಬೀಳುವುದು ಇವುಗಳಿಂದಲೇ.

ಮೊದಲು ಜಾಗ ಯಾರದ್ದು ಎಂದು ನೋಡಿ

ಹೋಟೆಲ್, ಅಂಗಡಿ, ಆಸ್ಪತ್ರೆಯ ಪಾರ್ಕಿಂಗ್ ಆದರೆ ಅದು ಖಾಸಗಿ ಜಾಗ. ಮಾಲೀಕರು ಸರಿ ಅಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಬೇಡ ಅಂದರೆ ಎದ್ದು ಹೋಗಲೇಬೇಕು. ಕಾವಲುಗಾರನನ್ನು ಒಂದು ಮಾತು ಕೇಳಿದರೆ ಮುಗಿಯಿತು. ಕೇಳದೆ ಮೂಲೆಯಲ್ಲಿ ಸುಮ್ನೆ ನಿಲ್ಲಿಸಿದವರ ಮೇಲೇ ಅನುಮಾನ ಜಾಸ್ತಿ.

ಸಾರ್ವಜನಿಕ ರಸ್ತೆಯಲ್ಲಿ ಪಾರ್ಕಿಂಗ್ ನಿಯಮವೇ ಮುಖ್ಯ. ಹಗಲು ನಿಲ್ಲಿಸಲು ಬಿಡುವ ಬೀದಿಯಲ್ಲಿ ರಾತ್ರಿ ನಿಷೇಧ ಇರಬಹುದು. ಫಲಕವನ್ನು ಪೂರ್ತಿ ಓದಿ, ಕೆಳಗಿನ ಸಣ್ಣ ಅಕ್ಷರದ ಸಾಲನ್ನೂ ಬಿಡಬೇಡಿ. ಹೆದ್ದಾರಿಯ ಅಂಚು ಮಾತ್ರ ಬೇಡವೇ ಬೇಡ. ಬ್ರಿಟನ್ನಿನ ಮೋಟರ್‌ವೇ ಅಂಚಿನಲ್ಲಿ ತುರ್ತು ಸಂದರ್ಭ ಬಿಟ್ಟು ನಿಲ್ಲುವಂತೆಯೇ ಇಲ್ಲ, ನಿದ್ದೆ ಬಂತು ಅನ್ನುವುದು ತುರ್ತು ಕಾರಣ ಆಗುವುದಿಲ್ಲ. ಕಾನೂನು ಹಾಗಿರಲಿ, ಕತ್ತಲಲ್ಲಿ ಹಿಂದಿನಿಂದ ಬರುವ ಲಾರಿಗೆ ನೀವು ಕಾಣದೇ ಹೋಗಬಹುದು.

ಆಮೇಲೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ

ಹೆದ್ದಾರಿಯ ವಿಶ್ರಾಂತಿ ತಾಣಗಳಿಗೂ ಗಡುವು ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 8 ಗಂಟೆ, ಟೆಕ್ಸಾಸ್‌ನಲ್ಲಿ 24 ಗಂಟೆ. ಬ್ರಿಟನ್ನಿನ ಮೋಟರ್‌ವೇ ತಾಣಗಳಲ್ಲಿ ಮೊದಲ 2 ಗಂಟೆ ಉಚಿತ, ಅದರ ನಂತರ ದುಡ್ಡು. ಕಾರು ಬಂದದ್ದನ್ನು ಕ್ಯಾಮೆರಾ ಬರೆದಿಟ್ಟುಕೊಳ್ಳುವ ಕಡೆ, ನೀವು ಮಲಗಿದ್ದಿರಿ ಅಂತ ಅದು ಕನಿಕರ ತೋರುವುದಿಲ್ಲ!

ದಣಿವಾರಿಸಿಕೊಳ್ಳುವುದು ಬೇರೆ, ಬಿಡಾರ ಹೂಡುವುದು ಬೇರೆ. ಜರ್ಮನಿಯಲ್ಲಿ ಮತ್ತೆ ಗಾಡಿ ಓಡಿಸುವಷ್ಟು ಚೇತರಿಸಿಕೊಳ್ಳಲು ಒಂದು ರಾತ್ರಿ ಮಲಗಬಹುದು. ಹೊರಗೆ ಕುರ್ಚಿ ಮೇಜು ಹಾಕಿದಿರೋ, ಅದು ಕ್ಯಾಂಪಿಂಗ್ ಆಗಿಬಿಡುತ್ತದೆ. ನ್ಯೂಜಿಲೆಂಡ್‌ನ 2011ರ ಕಾಯ್ದೆ ಇದನ್ನು ನೇರವಾಗಿಯೇ ಬಿಡಿಸಿ ಹೇಳಿದೆ: ಚಾಲನೆಯ ದಣಿವು ತಪ್ಪಿಸಲು ರಸ್ತೆ ಬದಿ ವಾಹನದಲ್ಲಿ ಮಲಗುವುದು ಕ್ಯಾಂಪಿಂಗ್ ಅಲ್ಲ. ಜಪಾನಿನ ಹೆದ್ದಾರಿ ತಾಣಗಳಲ್ಲಿಯೂ ಚಾಲಕರು ಒಂದು ನಿದ್ದೆ ತೆಗೆಯಬಹುದು, ತಂಗುವುದಕ್ಕೆಂದೇ ಬರಬೇಡಿ ಅನ್ನುತ್ತಾರೆ. ಹಾಗಾಗಿ ಸಾಮಾನು ಒಳಗೇ ಇರಲಿ. ಒಲೆ ಹಚ್ಚುವುದು, ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು ಬೇಡ.

ಮನೆ ಇಲ್ಲದೆ ಕಾರಿನಲ್ಲೇ ಬದುಕುವವರ ಕಥೆ ಬೇರೆ. ಲಾಸ್ ಏಂಜಲೀಸ್ ನಗರ ಇಂಥ ವಾಸವನ್ನು ನಿಷೇಧಿಸಿತ್ತು. ಆ ನಿಯಮ ಏನನ್ನು ತಡೆಯುತ್ತದೆ ಎಂಬುದೇ ಸ್ಪಷ್ಟವಿಲ್ಲ ಎಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆದರೆ 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡುವುದನ್ನು ಊರುಗಳು ನಿಷೇಧಿಸಿ ದಂಡ ಹಾಕಬಹುದು ಎಂದಿತು. ಹೋಗಲು ಬೇರೆ ಜಾಗವೇ ಇಲ್ಲದವರಿಗೆ ದಂಡ ಹಾಕಿ ಏನು ಸಾಧಿಸುತ್ತಾರೋ, ನನಗಂತೂ ಅರ್ಥವಾಗುವುದಿಲ್ಲ.

ಕುಡಿದಿದ್ದರೆ ಇಲ್ಲಿ ನಿಂತು ಓದಿ

ಜಾಸ್ತಿ ಜನ ಎಡವುವುದು ಇಲ್ಲಿ. 'ಕುಡಿದಿದ್ದೇನೆ, ಆದ್ದರಿಂದ ಓಡಿಸದೆ ಕಾರಿನಲ್ಲೇ ಮಲಗುತ್ತೇನೆ' ಅನ್ನುವುದು ಜವಾಬ್ದಾರಿಯ ಮಾತೇ, ಅಲ್ವಾ? ಆದರೂ ಕೆಲವು ದೇಶಗಳಲ್ಲಿ ಅದೇ ಕೇಸಿಗೆ ದಾರಿ.

ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ, ಮಿತಿ ಮೀರಿ ಕುಡಿದು ಸಾರ್ವಜನಿಕ ಜಾಗದಲ್ಲಿ ವಾಹನ ನಿಮ್ಮ ಕೈಯಲ್ಲಿ ಇದ್ದರೆ ಸಾಕು, ಅದು ಅಪರಾಧ. ಇಂಜಿನ್ ಚಾಲೂ ಆಗಿರಬೇಕಿಲ್ಲ. ಅಮಲು ಇಳಿಯುವ ಮೊದಲು ಗಾಡಿ ಓಡಿಸುವ ಸಂಭವ ಇರಲಿಲ್ಲ ಎಂದು ತೋರಿಸಿದರೆ ಪಾರಾಗಬಹುದು. ಅದನ್ನು ತೋರಿಸುವ ಹೊಣೆ ನಿಮ್ಮದು. ಅಮೆರಿಕದ ಹಲವು ರಾಜ್ಯಗಳಲ್ಲಿಯೂ ವಾಹನ ನಿಮ್ಮ ಹಿಡಿತದಲ್ಲಿತ್ತೇ ಎಂದಷ್ಟೇ ನೋಡುತ್ತಾರೆ. ಮೇರಿಲ್ಯಾಂಡ್‌ನ ಅತ್ಯುನ್ನತ ನ್ಯಾಯಾಲಯ 1993ರಲ್ಲಿ ಸ್ವಲ್ಪ ಮೆತ್ತಗಾಯಿತು. ಕಾರನ್ನು ಬರೀ ಆಸರೆಗೆ ಬಳಸಿದವರನ್ನು ಶಿಕ್ಷಿಸಬೇಕಿಲ್ಲ ಎಂದು, ಯಾವುದನ್ನು ಗಮನಿಸಬೇಕು ಎಂದು ಬಿಡಿಸಿ ಹೇಳಿತು: ಇಂಜಿನ್ ಚಾಲೂ ಇತ್ತೇ, ಯಾವ ಸೀಟಿನಲ್ಲಿದ್ದರು, ಎಚ್ಚರವಿದ್ದರೇ, ಕೀ ಎಲ್ಲಿತ್ತು, ಹೆಡ್‌ಲೈಟ್ ಉರಿಯುತ್ತಿತ್ತೇ, ಕಾರು ರಸ್ತೆ ಮಧ್ಯೆ ಇತ್ತೇ ಅಥವಾ ಸರಿಯಾಗಿ ನಿಲ್ಲಿಸಿತ್ತೇ. ಭಾರತದ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಕುಡಿದು ಓಡಿಸುವುದನ್ನು ಅಥವಾ ಓಡಿಸಲು ಯತ್ನಿಸುವುದನ್ನು ಹೇಳುತ್ತದೆ. ಸ್ಟಿಯರಿಂಗ್ ಹಿಂದೆ ಕೂತು ಕೀ ತಿರುಗಿಸಿದರೆ ಯತ್ನ ಅನ್ನಿಸಿಕೊಳ್ಳಲು ಎಷ್ಟು ಹೊತ್ತು ಬೇಕು?

ಮೇರಿಲ್ಯಾಂಡ್‌ನ ಆ ಪಟ್ಟಿ ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ. ಹಿಂದಿನ ಸೀಟಿಗೆ ಹೋಗಿ. ಇಂಜಿನ್ ಆರಿಸಿ. ಕೀಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ, ಕೈಗೆ ಸಿಗದ ಕಡೆ ಇಡಿ. ಕುಡಿಯದ ಗೆಳೆಯರ ಕೈಗೆ ಕೊಟ್ಟರೆ ಇನ್ನೂ ವಾಸಿ. ಇಷ್ಟೆಲ್ಲ ಮಾಡಿದರೂ ಪೂರ್ತಿ ರಕ್ಷಣೆ ಸಿಗುತ್ತದೆ ಅನ್ನುವಂತಿಲ್ಲ. ಬಾಡಿಗೆ ಗಾಡಿ ಸಿಗುವಂತಿದ್ದರೆ ಅದನ್ನೇ ಹಿಡಿಯಿರಿ.

ಇಂಜಿನ್ ಆರಿಸಲು ಇನ್ನೊಂದು ಕಾರಣವೂ ಇದೆ. ಎಸಿ ಅಥವಾ ಹೀಟರ್‌ಗಾಗಿ ಅದನ್ನು ಚಾಲೂ ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಸೇರಬಹುದು. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ, ಹಿಮ ಅಥವಾ ಮಣ್ಣು ಹೊಗೆಕೊಳವೆಗೆ ಅಡ್ಡಬಂದ ಕಡೆ ಅಪಾಯ ಇನ್ನೂ ಹೆಚ್ಚು. ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿಡಿ.

ಯಾರಾದರೂ ಕಿಟಕಿ ತಟ್ಟಿದರೆ

ಗಾಬರಿಯಿಂದ ಸ್ಟಿಯರಿಂಗ್ ಕಡೆ ಕೈ ಹಾಕಬೇಡಿ. ಒಳಗಿನ ದೀಪ ಹಾಕಿ, ಕೈ ಕಾಣುವಂತೆ ಇಟ್ಟುಕೊಳ್ಳಿ. ಸಮವಸ್ತ್ರ ಕಾಣದಿದ್ದರೆ ಬಾಗಿಲು ತೆಗೆಯದೆ ಕಿಟಕಿಯ ಸಂದಿಯಿಂದಲೇ ಮಾತಾಡಿ. ದಣಿವಾಗಿತ್ತು, ಮಲಗಿದ್ದೆ, ಇಷ್ಟು ಗಂಟೆಗೆ ಹೊರಡುತ್ತೇನೆ ಅಂದರೆ ಹೆಚ್ಚಿನ ಸಲ ಸಾಕಾಗುತ್ತದೆ. ಇಲ್ಲಿಂದ ಹೊರಡಿ ಅಂದರೆ ವಾದ ಬೇಡ, ಹತ್ತಿರದಲ್ಲಿ ಎಲ್ಲಿ ನಿಲ್ಲಿಸಬಹುದು ಎಂದು ಅವರನ್ನೇ ಕೇಳಿ. ಆದರೆ ಕಣ್ಣು ಬಿಡಲು ಆಗದಷ್ಟು ನಿದ್ದೆ ಇದ್ದರೆ, ಅಥವಾ ಕುಡಿದಿದ್ದರೆ, ಪೊಲೀಸರೇ ಹೇಳಿದರೂ ಗಾಡಿ ತೆಗೆಯಬೇಡಿ. ಈಗ ಓಡಿಸುವ ಸ್ಥಿತಿಯಲ್ಲಿ ಇಲ್ಲ, ಬೇರೆಯವರನ್ನು ಕರೆಸುತ್ತೇನೆ ಅನ್ನಿ.