ಹೆರಿಗೆಯಾದ ಮೊದಲ ಗಂಟೆಯಲ್ಲೇ ಎದೆಹಾಲು: ಬಾಣಂತಿಯೂ ಮನೆಯವರೂ ಮಾಡಿಕೊಳ್ಳಬೇಕಾದ ಸಿದ್ಧತೆ

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ರಾಜ್ಯದಲ್ಲಿ ಸುಮಾರು ಅರ್ಧದಷ್ಟು, ದೇಶದಲ್ಲಿ ಶೇ. 41.8 ಮಾತ್ರ. ವೈದ್ಯರೂ ನರ್ಸುಗಳೂ ಪಕ್ಕದಲ್ಲೇ ಇರುವಾಗ ಹೀಗಾಗುವುದಕ್ಕೆ ಹಾಲಿನ ಕೊರತೆ ಕಾರಣವಲ್ಲ. ಮೊದಲ ದಿನಕ್ಕೆ ಬೇಕಾದ ಹಾಲು ಬಸಿರಿನ ನಡುಗಾಲದಿಂದಲೇ ಎದೆಯಲ್ಲಿ ತಯಾರಾಗುತ್ತಿರುತ್ತದೆ. ಮಗುವನ್ನು ಒರೆಸಿ, ತೂಗಿ, ಬಟ್ಟೆ ಸುತ್ತಿ, ಹೊರಗೆ ಕಾಯುತ್ತಿರುವ ನೆಂಟರಿಗೆಲ್ಲ ತೋರಿಸಿ, ಬಾಣಂತಿಯನ್ನು ವಾರ್ಡಿಗೆ ಸಾಗಿಸುವಷ್ಟರಲ್ಲಿ ಆ ಗಂಟೆ ಕಳೆದುಹೋಗಿರುತ್ತದೆ. ಆದ್ದರಿಂದ ಈ ಸಿದ್ಧತೆಯ ಹೊಣೆ ಬಾಣಂತಿಯೊಬ್ಬಳ ಮೇಲೆ ಬೀಳಬಾರದು. ಅವಳ ಸುತ್ತ ಇರುವವರು ಅದನ್ನು ಹೊರಬೇಕು.

ಏಳನೇ ಅಥವಾ ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ವೈದ್ಯರೊಂದಿಗೆ ಈ ವಿಷಯ ಮಾತನಾಡಿ. ಹೆರಿಗೆಯಾದ ಕೂಡಲೇ ಮಗುವನ್ನು ತಾಯಿಯ ಮೈಮೇಲೆ ಮಲಗಿಸುತ್ತಾರೆಯೇ, ಸಿಜೇರಿಯನ್ ಆದರೆ ಎಷ್ಟು ಹೊತ್ತಿಗೆ ಮಗು ತಾಯಿಯ ಬಳಿ ಬರುತ್ತದೆ, ರಾತ್ರಿ ಮಗು ಎಲ್ಲಿ ಮಲಗುತ್ತದೆ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಹೆರಿಗೆಯ ದಿನ ಜೊತೆಗಿರುವವರು ಅಮ್ಮನಾಗಲಿ, ಅತ್ತೆಯಾಗಲಿ, ಗಂಡನಾಗಲಿ, ಆ ಗಂಟೆಯಲ್ಲಿ ಏನಾಗಬೇಕೆಂಬುದು ಅವರಿಗೆ ಮೊದಲೇ ಗೊತ್ತಿರಬೇಕು. ನೋವು ತಿಂದು ಸೋತು ಮಲಗಿರುವವಳು ಆ ಹೊತ್ತಿನಲ್ಲಿ ವಾದ ಮಾಡಲಾರಳು. ಅವಳ ಪರವಾಗಿ ವಿನಯದಿಂದಲೇ, ಆದರೆ ಬಿಡದೆ, ‘ಸಿಸ್ಟರ್, ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿ’ ಎಂದು ಹೇಳುವವರೊಬ್ಬರು ಬೇಕು.

ತಾಯಿಗೂ ಮಗುವಿಗೂ ತುರ್ತು ಚಿಕಿತ್ಸೆಯ ಅಗತ್ಯವಿಲ್ಲದಿದ್ದರೆ, ಮಗುವಿನ ಮೈ ಒರೆಸಿ, ಬಟ್ಟೆ ಸುತ್ತದೆ, ತಾಯಿಯ ಬರಿಮೈಗೆ ತಗುಲುವಂತೆ ಮಲಗಿಸಿ ಇಬ್ಬರಿಗೂ ಮೇಲೊಂದು ಹೊದಿಕೆ ಹೊದಿಸಬೇಕು. ತೂಕ ನೋಡುವುದನ್ನೂ ಇತರ ಕೆಲಸಗಳನ್ನೂ ಒಂದು ಗಂಟೆ ಮುಂದೂಡಿದರೆ ನಷ್ಟವಿಲ್ಲ. ಹುಟ್ಟಿದ ಮಗು ಮೊದಲ ಒಂದೆರಡು ಗಂಟೆ ಬಹಳ ಎಚ್ಚರವಾಗಿರುತ್ತದೆ, ಆಮೇಲೆ ಗಾಢ ನಿದ್ದೆಗೆ ಜಾರುತ್ತದೆ. ಎಚ್ಚರವಿರುವಾಗ ಹಾಗೇ ಬಿಟ್ಟರೆ ಅದು ತನ್ನ ಮುಷ್ಟಿಯನ್ನು ನೆಕ್ಕುತ್ತದೆ, ಕಾಲಿನಿಂದ ಒದ್ದು ಒದ್ದು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಯುತ್ತದೆ, ತಲೆಯೆತ್ತಿ ತಡಕಾಡಿ ತಾನಾಗಿ ಎದೆಯ ತೊಟ್ಟನ್ನು ಹುಡುಕಿಕೊಳ್ಳುತ್ತದೆ. ಕೈಗೆ ಅಂಟಿರುವ ಗರ್ಭಜಲದ ವಾಸನೆ ಇದಕ್ಕೆ ನೆರವಾಗುತ್ತದೆ. ಹಾಗಾಗಿ ಮಗುವಿನ ಕೈಗಳನ್ನು ಒರೆಸಬೇಡಿ, ತಾಯಿಯ ಎದೆಯನ್ನು ಸೋಪು ಹಾಕಿ ತೊಳೆಯಬೇಡಿ. ಮಗು ಚೀಪಿದಾಗ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸ್ರವಿಸಿ ಗರ್ಭಕೋಶ ಕುಗ್ಗುತ್ತದೆ, ರಕ್ತಸ್ರಾವ ಕಡಿಮೆಯಾಗುತ್ತದೆ. ಮೊದಲ ಸ್ನಾನವನ್ನು 24 ಗಂಟೆಯ ಬಳಿಕ ಮಾಡಿಸಿದರೆ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮಗು ಎದೆಯನ್ನು ಹಿಡಿಯುವ ರೀತಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ, ಏಕೆಂದರೆ ಮುಂದಿನ ವಾರದ ಅರ್ಧ ತೊಂದರೆಗಳ ಮೂಲ ಇಲ್ಲಿದೆ. ಮಗುವಿನ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿದ್ದು, ಅದರ ಹೊಟ್ಟೆ ತಾಯಿಯ ಮೈಗೆ ಒತ್ತಿರಬೇಕು. ಕತ್ತು ಹೊರಳಿಸಿ ಕುಡಿಯುವಂತೆ ಇರಬಾರದು. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿದರೆ ಮಗು ಆಕಳಿಸುವಂತೆ ಬಾಯಿ ತೆರೆಯುತ್ತದೆ. ಆ ಕ್ಷಣದಲ್ಲಿ ತಾಯಿ ಬಗ್ಗಿ ಎದೆಯನ್ನು ಬಾಯಿಗೆ ತುರುಕದೆ, ಮಗುವನ್ನೇ ಎದೆಗೆ ಒತ್ತಿಕೊಳ್ಳಬೇಕು. ಸರಿಯಾಗಿ ಹಿಡಿದಾಗ ಮಗುವಿನ ಗದ್ದ ಎದೆಗೆ ತಾಗಿರುತ್ತದೆ, ಕೆಳದುಟಿ ಹೊರಕ್ಕೆ ಮಡಿಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ, ನುಂಗುವ ಸದ್ದು ಕೇಳುತ್ತದೆ. ಚಪ್ ಚಪ್ ಎಂಬ ಸದ್ದು ಬರುತ್ತಿದ್ದರೆ, ಕೆನ್ನೆ ಒಳಗೆ ಗುಳಿ ಬೀಳುತ್ತಿದ್ದರೆ, ತೊಟ್ಟಿಗೆ ಚುಚ್ಚಿದಂತೆ ನೋವಾಗುತ್ತಲೇ ಇದ್ದರೆ, ಮಗು ತೊಟ್ಟನ್ನಷ್ಟೇ ಹಿಡಿದಿದೆ ಎಂದು ತಿಳಿಯಿರಿ. ಹಲ್ಲುಕಚ್ಚಿ ಸಹಿಸಿಕೊಳ್ಳಬೇಡಿ, ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಹೆರಿಗೆ ಸಿಜೇರಿಯನ್ ಆಗುತ್ತಿರುವಾಗ, ‘ಆಪರೇಷನ್ ಆಗಿದೆ, ನಾಳೆ ನೋಡೋಣ’ ಎಂಬ ಮಾತು ಅಸಂಖ್ಯ ಮಕ್ಕಳ ಮೊದಲ ಹಾಲನ್ನು ತಪ್ಪಿಸುತ್ತಿದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಇಬ್ಬರೂ ಆರೋಗ್ಯವಾಗಿದ್ದರೆ ಥಿಯೇಟರಿನಲ್ಲೇ ಅಥವಾ ಹೊರಬಂದ ಕೂಡಲೇ ಮಗುವಿಗೆ ಎದೆ ಕೊಡಬಹುದು. ಪೂರ್ಣ ಅರಿವಳಿಕೆ ಕೊಟ್ಟಿದ್ದರೆ ತಾಯಿಗೆ ಎಚ್ಚರ ಬಂದ ಮೇಲೆ ಕೊಡಬೇಕು. ಅವಳು ಎದ್ದು ಕೂರಬೇಕಾಗಿಲ್ಲ. ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ದಿಂಬು ಕೊಟ್ಟು, ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗುವನ್ನು ಪಕ್ಕದಲ್ಲಿ ಇಡಬೇಕು. ಅವಳು ತೂಕಡಿಸುತ್ತಿರಬಹುದಾದ್ದರಿಂದ, ಮಗುವಿನ ಮೂಗು ಮುಚ್ಚದಂತೆ ನೋಡಿಕೊಳ್ಳಲು ಮತ್ತೊಬ್ಬರು ಬಳಿಯಲ್ಲೇ ಇರಲೇಬೇಕು. ನೋವು ಕಡಿಮೆ ಮಾಡಲು ಬಾಣಂತಿಯರಿಗೆ ಸಾಮಾನ್ಯವಾಗಿ ಕೊಡುವ ಪ್ಯಾರಾಸಿಟಮಾಲ್‌ನಂಥ ಔಷಧಗಳಿಂದ ಹಾಲೂಡಿಸಲು ಅಡ್ಡಿಯಿಲ್ಲ. ನೋವು ಹೆಚ್ಚಾದಷ್ಟೂ ಹಾಲಿಳಿಯುವುದು ಕಷ್ಟವಾಗುತ್ತದೆ.

ಮೊದಲ ಹಾಲು ಹಳದಿ ಬಣ್ಣದ್ದು, ಗಟ್ಟಿ, ಅಂಟಂಟು. ಇದು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಹಸು ಕರು ಹಾಕಿದಾಗ ಗಿಣ್ಣು ಹಾಲಿಗಾಗಿ ಕಾದು ಕುಳಿತು ನೆರೆಮನೆಗೂ ಹಂಚುವ ನಾವು, ನಮ್ಮ ಮಗುವಿನ ಪಾಲಿನ ಗಿಣ್ಣನ್ನು ಚೆಲ್ಲುವುದು ನನಗೆ ಬಹಳ ಸಂಕಟದ ಸಂಗತಿ. ರೋಗ ತಡೆಯುವ ಪ್ರತಿಕಾಯಗಳೂ ಎ ಜೀವಸತ್ವವೂ ಅದರಲ್ಲಿ ತುಂಬಿರುತ್ತವೆ. ಮಗುವಿನ ಕಪ್ಪು ಮಲ ಹೊರಹೋಗಲೂ ಅದು ಸಹಾಯಕ. ಅದಕ್ಕೂ ಮೊದಲು ಜೇನುತುಪ್ಪ ನೆಕ್ಕಿಸುವುದು, ಚಿನ್ನ ಅಥವಾ ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಸಕ್ಕರೆ ನೀರು, ಹರಳೆಣ್ಣೆ, ಕತ್ತೆ ಹಾಲು ಕುಡಿಸುವುದು ಯಾವುದೂ ಬೇಡ. ಇವು ಮಗುವಿನ ಹಸಿವನ್ನು ಕೊಂದು ಚೀಪುವುದನ್ನು ತಡಮಾಡುತ್ತವೆ, ಸೋಂಕು ತರುತ್ತವೆ. ಜೇನುತುಪ್ಪದಿಂದ ವರ್ಷದೊಳಗಿನ ಮಕ್ಕಳಿಗೆ ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮನೆಯ ಹಿರಿಯರು ಪ್ರೀತಿಯಿಂದಲೇ ಇದನ್ನೆಲ್ಲ ಮಾಡುತ್ತಾರೆ. ಆದ್ದರಿಂದ ಹೆರಿಗೆಯ ದಿನ ಜಗಳಕ್ಕೆ ಎಡೆಗೊಡದೆ, ತಪಾಸಣೆಗೆ ಹೋಗುವಾಗಲೇ ಅಜ್ಜಿಯನ್ನು ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸುವುದು ಒಳ್ಳೆಯದು.

ಎರಡನೇ ರಾತ್ರಿ ಬಹುಪಾಲು ಮನೆಗಳಲ್ಲಿ ಧೈರ್ಯ ಕುಸಿಯುತ್ತದೆ. ಮಗು ಮೇಲಿಂದ ಮೇಲೆ ಅಳುತ್ತದೆ, ಎದೆ ಇನ್ನೂ ಮೃದುವಾಗಿರುತ್ತದೆ, ‘ಹಾಲೇ ಇಲ್ಲ’ ಎಂದು ಯಾರೋ ಅನ್ನುತ್ತಾರೆ, ಪುಡಿ ಹಾಲಿನ ಡಬ್ಬ ಬರುತ್ತದೆ. ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಒಂದೆರಡು ಚಮಚವೇ ಹೆಚ್ಚು. ಎದೆ ತುಂಬಿಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಮಗು ಪದೇ ಪದೇ ಚೀಪಿದಷ್ಟೂ, ಅದರಲ್ಲೂ ರಾತ್ರಿ ಚೀಪಿದಷ್ಟೂ, ಹಾಲು ಹೆಚ್ಚುತ್ತದೆ. ಬಾಟಲಿ ಕೊಟ್ಟಷ್ಟೂ ಕುಗ್ಗುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿ. ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯದೆ ಒದ್ದೆ ಬಟ್ಟೆಗಳಿಂದ ಅಳೆಯಿರಿ: ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಏರುತ್ತ ಆರನೇ ದಿನದ ಹೊತ್ತಿಗೆ ಕನಿಷ್ಠ ಆರು ಸಲ ಮೂತ್ರ ಮಾಡಬೇಕು. ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದರೆ ವೈದ್ಯರು ನೋಡಬೇಕು. ವೈದ್ಯಕೀಯ ಕಾರಣಕ್ಕೆ ಪುಡಿ ಹಾಲು ಬೇಕಾಗುವ ಸಂದರ್ಭಗಳೂ ಇವೆ, ಆದರೆ ಅದನ್ನು ವೈದ್ಯರೇ ಕಾರಣ ಸಹಿತ ಹೇಳಬೇಕು. ಅದರ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ.

ಬಾಣಂತಿಗೆ ನೀರು ಕೊಟ್ಟರೆ ನಂಜಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಲೋಟವನ್ನು ಅಡಗಿಸಿಡುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಬಾಯಾರಿದಾಗಲೆಲ್ಲ ಅವಳಿಗೆ ನೀರು, ಹೊಟ್ಟೆ ತುಂಬ ಊಟ, ಮಗು ಮಲಗಿದಾಗ ನಿದ್ದೆ ಸಿಗಲಿ. ಬಾಣಂತನದ ಸಾರು, ಸಬ್ಬಸಿಗೆ ಸೊಪ್ಪು, ಮೆಂತ್ಯದ ಉಂಡೆ ಇರಲಿ. ಬೇಳೆ, ಮೊಟ್ಟೆ, ತರಕಾರಿಗಳನ್ನು ಮಾತ್ರ ದೂರವಿಡಬೇಡಿ.

ತಿಂಗಳು ತುಂಬದೆ ಹುಟ್ಟಿದ್ದಕ್ಕೋ ಉಸಿರಾಟದ ತೊಂದರೆಗೋ ಮಗುವನ್ನು ವಿಶೇಷ ಆರೈಕೆಯ ಘಟಕದಲ್ಲಿ ಇಟ್ಟರೆ, ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಾಲು ಹಿಂಡತೊಡಗಿ. ಕೈ ತೊಳೆದು, ತೊಟ್ಟಿನಿಂದ ಎರಡು ಬೆರಳಿನಷ್ಟು ಹಿಂದೆ ಹೆಬ್ಬೆರಳನ್ನೂ ತೋರುಬೆರಳನ್ನೂ ಎದುರುಬದುರು ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಜಾರಿಸದೆ ಅದುಮಿ ಬಿಡಬೇಕು. ಮೊದಮೊದಲು ಹನಿಗಳಷ್ಟೇ ಬರುತ್ತವೆ. ಆ ಹನಿಗಳನ್ನೂ ಚಮಚದಲ್ಲಿ ಹಿಡಿದು ನರ್ಸಿಗೆ ಕೊಡಿ. ಬಾಯಿಂದ ಕುಡಿಯಬಲ್ಲ ಮಗುವಿಗೆ ಬಾಟಲಿಯ ಬದಲು ಕುದಿಸಿ ಆರಿಸಿದ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ) ನಿಧಾನವಾಗಿ ಕುಡಿಸಬಹುದು. ಹೀಗೆ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡುತ್ತಿದ್ದರೆ, ಮಗು ಮಡಿಲಿಗೆ ಮರಳುವ ಹೊತ್ತಿಗೆ ಹಾಲು ಬತ್ತಿರುವುದಿಲ್ಲ.

ಮಗು ಎಬ್ಬಿಸಿದರೂ ಏಳದಿದ್ದರೆ, ಕುಡಿಯುವುದನ್ನೇ ಬಿಟ್ಟರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಹಳದಿ ಬಣ್ಣ ಅಂಗೈ ಅಂಗಾಲಿಗೂ ಹರಡಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಉಳಿದ ಸಣ್ಣಪುಟ್ಟ ತೊಡಕುಗಳಿಗೆ, ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಬರಬೇಕೆಂಬ ನಿಯಮವಿದೆ. ಅವರು ಬಂದಾಗ ಬಾಗಿಲಲ್ಲೇ ಮಾತನಾಡಿಸಿ ಕಳಿಸದೆ ಒಳಗೆ ಕರೆದು, ಮಗು ಎದೆ ಹಿಡಿದಾಗಿನಿಂದ ಬಿಡುವವರೆಗೆ ಒಂದು ಸಲ ಪೂರ್ತಿ ನೋಡುವಂತೆ ಕೇಳಿಕೊಳ್ಳಿ.