ಬ್ಯಾಂಕ್ ಷೇರು ತೆಗೆದ ಮೇಲೆ ಉಳಿದದ್ದೆಷ್ಟು

2008ರ ಷೇರುಪೇಟೆ ಕುಸಿತದಲ್ಲಿ ಇಸ್ಲಾಮಿಕ್ ಫಂಡ್‌ಗಳು, ಅಂದರೆ ಇಸ್ಲಾಮಿನ ಶರಿಯಾ ನಿಯಮ ಒಪ್ಪುವ ಷೇರುಗಳಲ್ಲಷ್ಟೇ ಹಣ ಹಾಕುವ ಫಂಡ್‌ಗಳು, ಬೇರೆಯವುಗಳಷ್ಟು ಬೀಳಲಿಲ್ಲ ಅಂತ ಓದಿ ಖುಷಿಯಾಗಿತ್ತು. ನಿಯತ್ತಿಗೂ ಮಾರುಕಟ್ಟೆಯಲ್ಲಿ ಬೆಲೆ ಇದೆ ಅಂದುಕೊಂಡೆ. ಎಕ್ಸೆಲ್ ತೆರೆದು ಕೂತ ಮೇಲೆ ಆ ಖುಷಿ ಅರ್ಧಕ್ಕಿಳಿಯಿತು.

ನಾನು ಫಂಡನ್ನು ಇಡೀ ಮಾರುಕಟ್ಟೆಯ ಸೂಚ್ಯಂಕದ ಪಕ್ಕ ಇಟ್ಟಿದ್ದೆ. ಬಡ್ಡಿಯೇ ಕಸುಬಾಗಿರುವ ಬ್ಯಾಂಕುಗಳ ಷೇರನ್ನು ಶರಿಯಾ ಫಂಡ್ ಮುಟ್ಟುವುದೇ ಇಲ್ಲ. ಆ ವರ್ಷ ನೆಲಕಚ್ಚಿದ್ದು ಅವೇ ಅಲ್ವಾ! ಸೂಚ್ಯಂಕದಿಂದಲೂ ಬ್ಯಾಂಕ್, ವಿಮೆ ಷೇರುಗಳನ್ನು ತೆಗೆದು ಮತ್ತೆ ಹೋಲಿಸಿದೆ. ಅಂತರ ಬಹುಪಾಲು ಕರಗಿಹೋಯಿತು.

ಇನ್ನೊಂದು ತಪ್ಪೂ ಮಾಡಿದ್ದೆ. ಸಮಾಜಕ್ಕೆ, ಪರಿಸರಕ್ಕೆ ಕೆಡುಕು ಅನಿಸಿದ ಕಂಪನಿಗಳನ್ನು ಬಿಡುವ ನೈತಿಕ ಫಂಡ್, ಇಸ್ಲಾಮಿಕ್ ಫಂಡ್ ಎರಡನ್ನೂ ಒಂದೇ ಗುಂಪಿಗೆ ಹಾಕಿದ್ದೆ. ಹೆಂಡ, ತಂಬಾಕು, ಜೂಜು ಎರಡಕ್ಕೂ ಬೇಡ, ನಿಜ. ಆದರೆ ಕಚ್ಚಾ ತೈಲದ ಕಂಪನಿ ಅಂದರೆ ಹಲವು ನೈತಿಕ ಫಂಡ್‌ಗಳು ದೂರ ಸರಿಯುತ್ತವೆ, ಶರಿಯಾಕ್ಕೆ ಅದರಲ್ಲಿ ತಕರಾರಿಲ್ಲ. 2022ರಲ್ಲಿ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಡಿವಿಡೆಂಡ್ ಸೇರಿಸಿಯೂ ಸುಮಾರು ಶೇ 18ರಷ್ಟು ಬಿತ್ತು. ಅದರೊಳಗಿನ ಇಂಧನ ಕಂಪನಿಗಳು ಮಾತ್ರ ಶೇ 60ಕ್ಕಿಂತ ಜಾಸ್ತಿ ಏರಿದವು. ಅವನ್ನು ಇಟ್ಟುಕೊಳ್ಳದ ಫಂಡ್ ಹಿಂದೆ ಬಿದ್ದರೆ ಮ್ಯಾನೇಜರನ್ನು ಬೈದು ಏನು ಪ್ರಯೋಜನ?

ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಸಾಲದ ಮಿತಿ. ಇಸ್ಲಾಮಿಕ್ ಹಣಕಾಸಿಗೆ ನಿಯಮ ರೂಪಿಸುವ, ಬಹರೈನ್‌ನಲ್ಲಿರುವ ಆಯೋಫಿ (AAOIFI) ಸಂಸ್ಥೆಯ ಮಾನದಂಡದಂತೆ ಕಂಪನಿಯ ಬಡ್ಡಿ ಸಾಲ ಅದರ ಮಾರುಕಟ್ಟೆ ಮೌಲ್ಯದ ಶೇ 30 ದಾಟಬಾರದು. ಮೌಲ್ಯ 100, ಸಾಲ 28 ಇರುವ ಕಂಪನಿ ಪಾಸು. ಷೇರು ಬಿದ್ದು ಮೌಲ್ಯ 80ಕ್ಕೆ ಬಂತು ಅನ್ನಿ. ಸಾಲ ಒಂದು ಪೈಸೆ ಹೆಚ್ಚಿಲ್ಲ, ಪ್ರಮಾಣ ಮಾತ್ರ ಶೇ 35. ಕಂಪನಿ ಹೊರಗೆ! ಅಂದರೆ ಬೆಲೆ ಬಿದ್ದ ಹೊತ್ತಿನಲ್ಲೇ ಮಾರಬೇಕು. ಈ ಏಟು ತಗ್ಗಲೆಂದೇ 1999ರಲ್ಲಿ ಶುರುವಾದ ಡೌ ಜೋನ್ಸ್ ಇಸ್ಲಾಮಿಕ್ ಸೂಚ್ಯಂಕದ ಲೆಕ್ಕದಲ್ಲಿ 24 ತಿಂಗಳ ಸರಾಸರಿ ಮೌಲ್ಯ ಹಿಡಿಯುತ್ತಾರೆ. ಸೂಚ್ಯಂಕ ತಯಾರಿಸುವ ಇನ್ನೊಂದು ಸಂಸ್ಥೆ ಎಂಎಸ್‌ಸಿಐ ತನ್ನ ಮುಖ್ಯ ಇಸ್ಲಾಮಿಕ್ ಸೂಚ್ಯಂಕಗಳಿಗೆ ಮಾರುಕಟ್ಟೆ ಮೌಲ್ಯದ ಬದಲು ಕಂಪನಿಯ ಒಟ್ಟು ಆಸ್ತಿ ನೋಡುತ್ತದೆ. ಹಾಗಾಗಿ ಒಂದು ಕಡೆ ಪಾಸಾದ ಕಂಪನಿ ಇನ್ನೊಂದು ಕಡೆ ನಪಾಸಾಗಬಹುದು. ಸುಮ್ನೆ 'ಶರಿಯಾ ಫಂಡ್' ಅಂದರೆ ಸಾಲದು, ಯಾರ ಜರಡಿ ಅಂತ ಮೊದಲು ಕೇಳಬೇಕು.

ಕೊನೆಗೆ ಶುದ್ಧೀಕರಣ. ಕಂಪನಿಯ ಆದಾಯದಲ್ಲಿ ಶೇ 3ರಷ್ಟು ನಿಷಿದ್ಧ ಮೂಲದಿಂದ ಬಂದಿದ್ದರೆ, 100 ಡಿವಿಡೆಂಡ್‌ನಲ್ಲಿ 3 ದಾನಕ್ಕೆ. ಕೆಲವು ಫಂಡ್‌ಗಳು ತಾವೇ ಕಳೆದು ಕೊಡುತ್ತವೆ, ಕೆಲವು ಮೊತ್ತ ಹೇಳಿ ನಮಗೆ ಬಿಡುತ್ತವೆ. ಇದು ಗೊತ್ತಿಲ್ಲದೆ ಎರಡು ಫಂಡ್‌ಗಳ ಗಳಿಕೆಯನ್ನು ಹಾಗೇ ಹೋಲಿಸಿದ್ದೆ. ಈಗ ಅದಕ್ಕೊಂದು ಬೇರೆ ಕಾಲಂ ಇದೆ, ಶುಲ್ಕದ ಕಾಲಂ ಪಕ್ಕದಲ್ಲೇ. ಎರಡರಲ್ಲಿ ಹೆಚ್ಚು ಕಚ್ಚುವುದು ಶುಲ್ಕವೇ.